ಅರ್ಧಕ್ಕೆ ನಿಂತ ಬಿಯರು

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಗೀಳು ಹತ್ತಿಸಿಕೊಂಡ ಕನ್ನಡಿಗರೂ ಇದ್ದಾರೆ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಬಳಕೆಯ ಬಿಯರಿನ ಮೇಲಿನ ಕೇಂದ್ರ ತೆರಿಗೆಯನ್ನು ತೆಗೆದುಹಾಕಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ತನಕ ಅವಕಾಶ. ಅಷ್ಟು ಕುಡಿಯುವವರು ಯಾರೋ ನಾನಂತೂ ಕಾಣೆ. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಮಾತ್ರ ಮನೆಯಲ್ಲಿ ಬಿಯರ್ ಮಾಡಕೂಡದು ಎಂಬ ಪಟ್ಟನ್ನು 2013ರವರೆಗೂ ಬಿಡಲಿಲ್ಲ. ರಜೆಗೆ ಊರಿಗೆ ಬಂದವರು ಇಲ್ಲೂ ಒಂದು ಕೈ ನೋಡೋಣ ಅಂದುಕೊಳ್ಳಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಚಳಿಗಾಲ ಬಂತೆಂದರೆ ಅಲ್ಲಿನ ಗೆಳೆಯರಿಂದ ನನಗೆ ಫೋನು ಶುರುವಾಗುತ್ತದೆ. "ಅಣ್ಣಾ, ಗುಳ್ಳೆ ನಿಂತೋಯ್ತು. ಇನ್ನೊಂದು ಪ್ಯಾಕೆಟ್ ಈಸ್ಟ್ ಸುರಿದುಬಿಡ್ಲಾ?"

ಸುರಿಯಬೇಡಿ. ಗುಳ್ಳೆ ನಿಂತರೆ ಹುದುಗು ನಿಂತಿತು ಅಂತ ಅರ್ಥವಲ್ಲ. ಬಕೆಟ್ಟಿನ ಮುಚ್ಚಳ ಒಂದು ಕೂದಲೆಳೆಯಷ್ಟು ಸಡಿಲವಿದ್ದರೂ ಅನಿಲವು, ಗ್ಯಾಸು ಹೊರಹೋಗಲೆಂದು ಮುಚ್ಚಳಕ್ಕೆ ಸಿಕ್ಕಿಸಿದ ನೀರಿನ ಕೊಳವೆಯಾದ ಏರ್‌ಲಾಕಿನ ಕಡೆ ತಿರುಗಿಯೂ ನೋಡದೆ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಇನ್ನು ಕೆಲವೊಮ್ಮೆ ಹುದುಗು ಎಂದೋ ಮುಗಿದಿರುತ್ತದೆ, ಆದರೂ ರೂಮು ಬೆಚ್ಚಗಾದಾಗ ಬಿಯರಿನಲ್ಲಿ ಕರಗಿದ್ದ ಅನಿಲ ಬಿಟ್ಟುಕೊಂಡು ಗುಳ್ಳೆ ಏಳುತ್ತಲೇ ಇರುತ್ತದೆ. ದೋಸೆ ಹಿಟ್ಟಾದರೆ ಉಬ್ಬಿದ್ದು ನೋಡಿ, ಮೂಸಿ ಹೇಳಿಬಿಡಬಹುದು. ಬಿಯರಿನ ವಿಷಯದಲ್ಲಿ ಕಣ್ಣು ಮೂಗು ಎರಡೂ ಕೈಕೊಡುತ್ತವೆ. ನಂಬಬೇಕಾದದ್ದು ಹೈಡ್ರೋಮೀಟರನ್ನು, ಅಂದರೆ ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಕೊಳವೆಯನ್ನು.

ನೀರಿನ ಸಾಂದ್ರತೆ 1.000 ಎಂದು ಇಟ್ಟುಕೊಳ್ಳಿ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಕ್ಕರೆ ಕರಗಿದ ರಸ, ಅದನ್ನು ವರ್ಟ್ ಅನ್ನುತ್ತಾರೆ, ಸುಮಾರು 1.050 ತೋರಿಸುತ್ತದೆ. ಈಸ್ಟ್ ಸಕ್ಕರೆ ತಿಂದಂತೆಲ್ಲ ಈ ಅಂಕಿ ಇಳಿಯುತ್ತದೆ. ಸಾಧಾರಣ ಏಲ್, ಅಂದರೆ ಬೆಚ್ಚಗೆ ಹುದುಗುವ ಬಗೆಯ ಬಿಯರು, 1.010ರಿಂದ 1.014ರ ನಡುವೆ ಎಲ್ಲೋ ಬಂದು ನಿಲ್ಲಬೇಕು. ಎರಡು ಮೂರು ದಿನ ಬಿಟ್ಟು ಮತ್ತೆ ಅಳೆದಾಗಲೂ ಅದೇ ಅಂಕಿ ಇದ್ದರೆ ಮಾತ್ರ ನಿಂತಿದೆ ಅನ್ನಿ. ಅಳೆಯುವ ಮುಂಚೆ ಮಾದರಿಯ ಗ್ಯಾಸು ಹೋಗುವಂತೆ ಎರಡು ಲೋಟಗಳ ನಡುವೆ ಕಾಫಿ ಆರಿಸಿದ ಹಾಗೆ ಸುರಿದಾಡಿಸಿ. ಗುಳ್ಳೆ ಅಂಟಿದರೆ ಹೈಡ್ರೋಮೀಟರು ಮೇಲಕ್ಕೆ ತೇಲಿ ಸುಳ್ಳು ಹೇಳುತ್ತದೆ.

ರಿಫ್ರಾಕ್ಟೋಮೀಟರ್ ಇಟ್ಟುಕೊಂಡವರದ್ದು ಇನ್ನೊಂದು ಪಾಡು. ದ್ರವದಲ್ಲಿ ಬೆಳಕು ಬಾಗುವುದನ್ನು ನೋಡಿ ಅಳೆಯುವ ಅದಕ್ಕೆ ಎರಡು ಹನಿ ಸಾಕು, ಬಲು ಸುಲಭ, ಆದರೆ ಅದು ಸಕ್ಕರೆ ನೀರಿಗಾಗಿ ಮಾಡಿದ ಉಪಕರಣ. ಆಲ್ಕೋಹಾಲ್ ಸೇರಿದ ಕೂಡಲೇ ಲೆಕ್ಕ ತಪ್ಪುತ್ತದೆ. ಅದರ ಅಳತೆ ಬ್ರಿಕ್ಸ್, ಅಂದರೆ ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಎಂಬುದು. 12 ಬ್ರಿಕ್ಸ್‌ನಲ್ಲಿ ಶುರುವಾದ ಬಿಯರು ಈಗ 6 ತೋರಿಸುತ್ತಿದೆ ಅಂದರೆ, ನೋಡುವವರಿಗೆ 1.024ಕ್ಕೆ ನಿಂತ ಹಾಗೆ ಕಾಣುತ್ತದೆ. ತಿದ್ದುಪಡಿ ಮಾಡಿದರೆ ನಿಜವಾದ ಅಂಕಿ ಸುಮಾರು 1.009. ಅಂದರೆ ಬಿಯರು ಎಂದೋ ತಯಾರಾಗಿದೆ!

ಹೈಡ್ರೋಮೀಟರೂ ನಿಂತಿದೆ ಎಂದೇ ಹೇಳಿತು ಅನ್ನೋಣ. ಆಗ ಕೇಳಬೇಕಾದದ್ದು ಇಷ್ಟೇ: ಈಸ್ಟ್ ಸುಸ್ತಾಗಿದೆಯೋ, ಅಥವಾ ಅದಕ್ಕೆ ತಿನ್ನಲು ಏನೂ ಉಳಿದಿಲ್ಲವೋ? ಎರಡಕ್ಕೂ ಮದ್ದು ಬೇರೆ ಬೇರೆ. ಹೆಚ್ಚಿನವರು ಈ ಪ್ರಶ್ನೆಗೆ ಹೋಗುವುದೇ ಇಲ್ಲ.

ಶಿಕಾಗೋ ಹತ್ತಿರ ಒಬ್ಬ ಗೆಳೆಯರ ನೆಲಮಾಳಿಗೆಯಲ್ಲಿ 1.054ರಲ್ಲಿ ಶುರುವಾದ ಬಿಯರು 1.022ಕ್ಕೆ ಬಂದು ಕೂತಿತು. ಬೆಚ್ಚಗಿಟ್ಟರು, ಬಕೆಟ್ ಅಲುಗಾಡಿಸಿದರು, ಜಪ್ಪಯ್ಯ ಅಂದರೂ ಕದಲಲಿಲ್ಲ. ಒಂದು ಲೋಟ ಬಿಯರು ತೆಗೆದು, ಅದಕ್ಕೆ ಒಂದು ಚಮಚ ಬಿಯರ್ ಈಸ್ಟ್ ಧಾರಾಳವಾಗಿ ಹಾಕಿ, ಹೀಟರಿನ ಪಕ್ಕ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ, ಆಗಾಗ ಕುಲುಕುತ್ತಿರಿ ಅಂದೆ. ಮೂರನೆಯ ದಿನ ಅಳೆದಾಗ ಲೋಟದ್ದೂ 1.021. ಅಷ್ಟೊಂದು ಹೊಸ ಈಸ್ಟಿಗೂ ಅಲ್ಲಿ ತುತ್ತು ಸಿಗಲಿಲ್ಲ. ಅಂದಮೇಲೆ ಬಕೆಟ್ಟಿನ ಈಸ್ಟನ್ನು ಬೈದು ಫಲವಿಲ್ಲ. ನಿಮ್ಮ ಥರ್ಮಾಮೀಟರನ್ನು ಕುದಿಯುವ ನೀರಿಗೆ ಹಾಕಿ ನೋಡಿ ಅಂದೆ. 95 ತೋರಿಸಿತು!

ಕಳ್ಳ ಸಿಕ್ಕ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದಾಗ, ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. 62ರಿಂದ 65 ಡಿಗ್ರಿಯಲ್ಲಿ ಬೀಟಾ ಅಮೈಲೇಸ್ ಚುರುಕು, ಅದು ಕೊಡುವ ಮಾಲ್ಟೋಸನ್ನು ಈಸ್ಟ್ ಸಲೀಸಾಗಿ ತಿನ್ನುತ್ತದೆ. 70 ದಾಟಿದರೆ ಬೀಟಾ ಬೇಗ ಸಾಯುತ್ತದೆ. ಉಳಿದ ಆಲ್ಫಾ ಅಮೈಲೇಸ್ ಮಾಡುವುದರಲ್ಲಿ ದೊಡ್ಡ ಪಾಲು ಉದ್ದ ಸಕ್ಕರೆ ಸರಪಳಿಯಾದ ಡೆಕ್ಸ್‌ಟ್ರಿನ್, ಅದು ಈಸ್ಟಿನ ಬಾಯಿಗೆ ಹಿಡಿಯುವುದಿಲ್ಲ. ಗೆಳೆಯರು 67 ಎಂದು ನಂಬಿ 71ರಲ್ಲಿ ನೆನೆಹಾಕಿದ್ದರು. ಬಕೆಟ್ಟಿಗೆ ಈಸ್ಟ್ ಬೀಳುವ ಮೊದಲೇ 1.022 ಎಂದು ಬರೆದಾಗಿತ್ತು. ಗ್ಲೂಕೋಅಮೈಲೇಸ್ ಕಿಣ್ವ ತಂದು ಹಾಕಿದರೆ ಡೆಕ್ಸ್‌ಟ್ರಿನ್ ಒಡೆಯುತ್ತದೆ ನಿಜ, ಆದರೆ ಅದಕ್ಕೆ ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲ, ಬಿಯರು ನೀರುನೀರಾಗಿಬಿಡುತ್ತದೆ. ಅವರ ಬಿಯರಿನಲ್ಲಿ ಆಗಲೇ ಶೇಕಡಾ 4.2ರಷ್ಟು ಆಲ್ಕೋಹಾಲ್ ಇತ್ತು. ಸ್ವಲ್ಪ ದಪ್ಪ, ಸ್ವಲ್ಪ ಸಿಹಿ, ಹಾಗೇ ಕುಡಿಯಿರಿ ಅಂದೆ.

ಲೋಟದಲ್ಲಿ ಅಂಕಿ ಚೆನ್ನಾಗಿ ಇಳಿದು, ಬಕೆಟ್ಟಿನಲ್ಲಿ ಇಳಿಯದಿದ್ದರೆ ಆಗ ತಪ್ಪು ಈಸ್ಟಿನ ಕಡೆಯದು. ಮೊದಲ ಗುಮಾನಿ ಚಳಿಯ ಮೇಲೆ. ಹುದುಗು ಜೋರಾಗಿದ್ದಾಗ ತಾನೇ ಶಾಖ ಕೊಡುತ್ತದೆ. ಜೋರು ತಗ್ಗಿದಾಗ ನೆಲಮಾಳಿಗೆಯ 14 ಡಿಗ್ರಿ ಗೆಲ್ಲುತ್ತದೆ, ಏಲ್ ಈಸ್ಟ್ ತಳಕ್ಕೆ ಇಳಿದು ಮಲಗುತ್ತದೆ. 20-21 ಡಿಗ್ರಿಗೆ ತಂದು, ತಳದ ಈಸ್ಟ್ ಏಳುವಂತೆ ಬಕೆಟ್ಟನ್ನು ಮೆಲ್ಲಗೆ ತಿರುಗಿಸಿ. ಮುಚ್ಚಳ ತೆಗೆದು ಸೌಟು ಹಾಕಿ ಕದಡಬೇಡಿ, ಗಾಳಿ ಸೇರಿದರೆ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರುತ್ತದೆ.

ಇದೇ ಗಾಳಿ ಮೊದಲ ದಿನ ಬೇಕೇ ಬೇಕು. ಕುದಿಸಿದ ವರ್ಟಿನಲ್ಲಿ ಆಮ್ಲಜನಕ ಇರುವುದಿಲ್ಲ. ಈಸ್ಟ್ ತನ್ನ ಕೋಶದ ಪೊರೆಗೆ ಬೇಕಾದ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಕಟ್ಟಿಕೊಳ್ಳುವುದೇ ಆಮ್ಲಜನಕದಿಂದ, ಲೀಟರಿಗೆ 8ರಿಂದ 10 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಆರಿದ ವರ್ಟನ್ನು ಅಂದು ಚೆನ್ನಾಗಿ ಕುಲುಕದಿದ್ದರೆ, ಅಥವಾ ಗಟ್ಟಿ ಬಿಯರಿಗೂ ಒಂದೇ ಪುಟ್ಟ ಪ್ಯಾಕೆಟ್ ಹಾಕಿದ್ದರೆ, ಆಲ್ಕೋಹಾಲ್ ಏರಿದಾಗ ಬಡಕಲು ಪೊರೆಯ ಈಸ್ಟ್ ಕೈಚೆಲ್ಲುತ್ತದೆ.

ಅಲ್ಲಿಗೆ ಒಣ ಈಸ್ಟ್ ಸುರಿದರೆ ಏನಾಗುತ್ತದೆ? ಆಲ್ಕೋಹಾಲ್ ತುಂಬಿದ, ಆಮ್ಲಜನಕವಿಲ್ಲದ ಜಾಗಕ್ಕೆ ನಿದ್ದೆಗಣ್ಣಿನಲ್ಲಿ ಬಿದ್ದು ಬಹುಪಾಲು ಹಾಗೇ ತಳ ಸೇರುತ್ತದೆ. ಅದರ ಬದಲು 100 ಗ್ರಾಂ ಮಾಲ್ಟ್ ಪುಡಿಯನ್ನು ಲೀಟರ್ ನೀರಿನಲ್ಲಿ ಕುದಿಸಿ, ಆರಿಸಿ, ಹೊಸ ಈಸ್ಟ್ ಹಾಕಿ. ಮರುದಿನ ನೊರೆ ಉಕ್ಕಿ ಏಳುತ್ತಿರುವಾಗಲೇ, ಬಕೆಟ್ಟಿನ ಬಿಸಿಗೆ ಹೊಂದಿಸಿಕೊಂಡು ಪೂರ್ತಿ ಸುರಿಯಿರಿ. ಕೆಲಸ ಮಾಡುತ್ತಿರುವ ಈಸ್ಟ್ ಹೊಸ ಜಾಗದಲ್ಲೂ ಕೆಲಸ ಮುಂದುವರಿಸುತ್ತದೆ.

ಬಾಟಲಿಯ ವಿಷಯಕ್ಕೆ ಬಂದರೆ ನಾನು ಯಾರ ಮುಲಾಜೂ ನೋಡುವುದಿಲ್ಲ. ಈ ಲೋಟದ ಪರೀಕ್ಷೆ ಮಾಡದೆ 1.020ಕ್ಕೆ ನಿಂತ ಬಿಯರನ್ನು ಗಾಜಿನ ಬಾಟಲಿಗೆ ತುಂಬಬೇಡಿ. ಮಾಮೂಲಿ ಬಿಯರಿನಲ್ಲಿ ಅದರ ಗಾತ್ರದ ಎರಡೂವರೆ ಪಟ್ಟು ಅನಿಲ ಕರಗಿರುತ್ತದೆ. ಬಾಟಲಿಯೊಳಗೆ ಸಾಂದ್ರತೆ ಒಂದು ಅಂಕ, ಅಂದರೆ 0.001, ಇಳಿದರೆ ಅರ್ಧ ಪಟ್ಟು ಅನಿಲ ಹೆಚ್ಚುತ್ತದೆ. ಆರು ಅಂಕ ಇಳಿದರೆ ಇನ್ನೂ ಮೂರು ಪಟ್ಟು. ಸಾಧಾರಣ ಗಾಜು ಅದನ್ನು ತಡೆಯುವ ಭರವಸೆಯಿಲ್ಲ. ಸಿಡಿದರೆ ಚೂರು ಕಣ್ಣಿಗೇ ಬಡಿಯಬಹುದು.

ಆಗಲೇ ತುಂಬಿಯಾಗಿದ್ದರೆ, ಕಣ್ಣು ಕಾಪಾಡುವ ರಕ್ಷಣಾ ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡು, ಬಾಟಲಿಗಳ ಮೇಲೆ ದಪ್ಪ ಟವೆಲ್ ಹೊದೆಸಿ, ಅಲುಗಾಡಿಸದೆ ಫ್ರಿಜ್ಜಿಗೆ ಸೇರಿಸಿ. ಪೂರ್ತಿ ತಣ್ಣಗಾದ ಮೇಲೆ ಸಿಂಕಿನಲ್ಲಿ, ಟವೆಲಿನ ಅಡಿಯಲ್ಲೇ, ಒಂದೊಂದರ ಮುಚ್ಚಳವನ್ನೂ ಸ್ವಲ್ಪ ಸ್ವಲ್ಪವೇ ಎತ್ತಿ ಗ್ಯಾಸು ಬಿಡಿ. ಮಕ್ಕಳನ್ನು ಅಷ್ಟು ಹೊತ್ತು ಅಡುಗೆಮನೆಗೆ ಬಿಡಬೇಡಿ.

ನಮಸ್ಕಾರ.