ಹಿಂದಿನಿಂದ ಬರುವ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಹುಬ್ಬಳ್ಳಿ ದುರ್ಗದಬೈಲಿನ ಹತ್ತಿರದ ನನ್ನ ದುರಸ್ತಿ ಅಂಗಡಿಗೆ ಒಂದೇ ದಿನ ಎರಡು ವ್ಯಾಕ್ಯೂಮ್ ಕ್ಲೀನರ್ ಬಂದವು. ಎರಡೂ ನಿಂತುಕೊಂಡೇ ನೂಕುವಂಥವು. ಎರಡಕ್ಕೂ ಚೀಲ ಇಲ್ಲ, ಧೂಳು ಪ್ಲಾಸ್ಟಿಕ್ ಡಬ್ಬಿಯೊಳಗೆ ಬೀಳುತ್ತದೆ, ಕಣ್ಣಿಗೂ ಕಾಣುತ್ತದೆ. ಒಂದಕ್ಕೆ ಕೊಟ್ಟದ್ದು ಸುಮಾರು 4,000 ರೂಪಾಯಿ, ಇನ್ನೊಂದಕ್ಕೆ 40,000ದ ಮೇಲೆ. ತಂದವರು ಒಬ್ಬರಿಗೊಬ್ಬರು ಪರಿಚಯದವರಲ್ಲ, ಆದರೆ ಹೇಳಿದ ಮಾತು ಒಂದೇ: "ಹೊಸಾದಿದ್ದಾಗ ಭಾಳ ಛಲೋ ಎಳೀತಿತ್ರೀ, ಈಗ ಎಳಿಯಾಕ ಒಲ್ಲದು."

ಎರಡನ್ನೂ ಬಿಚ್ಚಿದೆ. ಅಗ್ಗದ್ದರೊಳಗೆ ಒಂದೇ ಒಂದು ಸ್ಪಂಜಿನ ಫಿಲ್ಟರ್ ಇತ್ತು. ಮನೆಯಲ್ಲಿ ಗೋಡೆಗೆ ಪುಟ್ಟಿ ಹಚ್ಚಿಸಿದ ಮೇಲೆ ಆ ಪುಡಿಯನ್ನು ಇದರಿಂದಲೇ ಎಳೆದಿದ್ದರು. ಸ್ಪಂಜು ಗಟ್ಟಿಯಾಗಿ ಕಲ್ಲಿನಂತಾಗಿತ್ತು. ಅದನ್ನು ತೆಗೆದು ಮೋಟರಿನ ಕಡೆ ನೋಡಿದರೆ ಅಲ್ಲಿಯೂ ಬಿಳಿ ಪುಡಿ. ಬೇರಿಂಗಿನೊಳಗೆ ಪುಡಿ, ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಕಡಲೆಬೇಳೆಯಷ್ಟು ಉಳಿದಿತ್ತು. ದುಬಾರಿಯದರ ಫಿಲ್ಟರ್ ಕೂಡ ಕಟ್ಟಿಕೊಂಡಿತ್ತು, ಅದರಲ್ಲೇನೂ ಭೇದವಿಲ್ಲ. ಆದರೆ ಫಿಲ್ಟರ್ ಎತ್ತಿ, ಅದರ ಹಿಂದಿನ ಜಾಗದಲ್ಲಿ ಬೆರಳಿಟ್ಟು ಉಜ್ಜಿ ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಎರಡು ವರ್ಷ ನಡೆದ ಯಂತ್ರದ ಮೋಟರಿನ ಮನೆ ಹೊಸದರ ಹಾಗೆ ಇತ್ತು.

ನನ್ನ ಪ್ರಕಾರ ಅಗ್ಗದ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ಇರುವ ನಿಜವಾದ ಅಂತರ ಆ ಬೆರಳಿನ ತುದಿಯಲ್ಲಿದೆ. ಯಂತ್ರ ಎಷ್ಟು ಜೋರು ಎಳೆಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಳೆದುಕೊಂಡ ಗಾಳಿ ಹಿಂದಿನಿಂದ ಹೊರಗೆ ಬರುವಾಗ ತನ್ನ ಜೊತೆ ಏನನ್ನು ತರುತ್ತದೆ ಎಂದು ಕೇಳುವವರು ಕಡಿಮೆ. ಕಸಬರಿಗೆ ಹಿಡಿದು ಕಸ ಹೊಡೆದಾಗ ಕಣ್ಣಿಗೆ ಕಾಣುವ ಕಸ ಮೂಲೆಗೆ ಸೇರುತ್ತದೆ, ಕಾಣದ ಧೂಳು ಏಳುತ್ತದೆ. ಯಂತ್ರವೂ ಅದನ್ನೇ ಮಾಡುವುದಾದರೆ ದುಡ್ಡು ಕೊಟ್ಟು ಏನು ಪಡೆದಂತಾಯಿತು?

ಈ ಮಾತು ನನಗೆ ಯಾಕೆ ಇಷ್ಟು ಮುಖ್ಯ ಎಂದರೆ, ನನ್ನ ಅಕ್ಕನಿಗೆ ದಮ್ಮು ಇದೆ. ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಮನೆ, ಕೆಳಗೆ ಶಹಾಬಾದ ಫರಸಿ. ಮುಂಜಾನೆ ಕಸ ಹೊಡೆದ ಮೇಲೆ ಆಕೆ ಹೊಸ್ತಿಲಲ್ಲಿ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಉಸಿರು ಎಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಈ ನಿಂತು ನೂಕುವ ಯಂತ್ರ ಹುಟ್ಟಿದ್ದೂ ದಮ್ಮಿನಿಂದಲೇ. ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಊರಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ಒಂದು ದೊಡ್ಡ ಅಂಗಡಿಯಲ್ಲಿ ಕಸ ಹೊಡೆಯುವ ಕೆಲಸಕ್ಕಿದ್ದ. ಆತನಿಗೂ ದಮ್ಮು. ಧೂಳಿನಿಂದ ಉಸಿರು ಕಟ್ಟುತ್ತಿದೆ ಎಂದು 1907ರಲ್ಲಿ ಫ್ಯಾನಿನ ಮೋಟರು, ಸಾಬೂನಿನ ಡಬ್ಬಿ, ಕಸಬರಿಗೆಯ ಹಿಡಿ, ತಲೆದಿಂಬಿನ ಗವಸು, ಇಷ್ಟನ್ನೇ ಜೋಡಿಸಿ ಒಂದು ಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಚರ್ಮದ ಸಾಮಾನು ಮಾಡುತ್ತಿದ್ದ ಹೂವರ್ ಮನೆತನದವರು ಅದನ್ನು ಕೊಂಡರು, ಮುಂದೆ ಅವರ ಹೆಸರೇ ನಡೆಯಿತು. ಆ ತಲೆದಿಂಬಿನ ಗವಸೇ ಈ ಯಂತ್ರದ ಮೊದಲ ಚೀಲ.

ಚೀಲ ಹೋಗಿ ಡಬ್ಬಿ ಬಂದದ್ದು ಬಹಳ ತಡವಾಗಿ. ಚೀಲದ ರಂಧ್ರ ಧೂಳಿನಿಂದ ಮುಚ್ಚಿದಂತೆ ಯಂತ್ರದ ಎಳೆತ ಕಡಿಮೆಯಾಗುತ್ತದೆ. ಇಂಗ್ಲೆಂಡಿನ ಜೇಮ್ಸ್ ಡೈಸನ್ ಇದಕ್ಕೆ ದಾರಿ ಹುಡುಕುತ್ತ ಕಟ್ಟಿಗೆ ಕೊಯ್ಯುವ ಮಿಲ್ಲಿನ ಮೇಲಿದ್ದ ತಗಡಿನ ಶಂಕುವನ್ನು ನೋಡಿದ. 5,127 ಮಾದರಿ ಮಾಡಿದ ಮೇಲೆ ಅವನ ಯಂತ್ರ ಸರಿಹೋಯಿತು. ತನ್ನದೇ ಹೆಸರಿನಲ್ಲಿ ಅವನು ಮೊದಲ ಯಂತ್ರವನ್ನು ಪೇಟೆಗೆ ಬಿಟ್ಟದ್ದು 1993ರಲ್ಲಿ.

ಆ ಶಂಕು ನಮಗೇನೂ ಹೊಸದಲ್ಲ. ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯ ಮಗ್ಗುಲಲ್ಲಿ, ಅಕ್ಕಿ ಗಿರಣಿಯ ಮಾಳಿಗೆಯ ಮೇಲೆ ತಗಡಿನ ದೊಡ್ಡ ಲಾಳಿಕೆ ನೋಡಿರುತ್ತೀರಿ. ಧೂಳಿನ ಗಾಳಿ ಅದರೊಳಗೆ ಪಕ್ಕದಿಂದ ನುಗ್ಗಿ ಗಿರಗಿರ ತಿರುಗುತ್ತದೆ. ತಿರುಗುವಾಗ ಭಾರದ ಧೂಳು ಗೋಡೆಗೆ ಬಡಿದು ಕೆಳಗೆ ಜಾರುತ್ತದೆ, ಹಗುರಾದ ಗಾಳಿ ನಡುವಿನಿಂದ ಮೇಲೆ ಹೋಗುತ್ತದೆ. ಡಬ್ಬಿಯೊಳಗೆ ಧೂಳು ಸುಳಿಯಂತೆ ಸುತ್ತುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಶಂಕು ದೊಡ್ಡದಿದ್ದರೆ ಉಸುಕು, ಕೂದಲು, ಕಾಳು ಬೇರೆಯಾಗುತ್ತವೆ, ನುಣ್ಣನೆಯ ಪುಡಿ ಬೇರೆಯಾಗುವುದಿಲ್ಲ. ಅದೇ ವೇಗದಲ್ಲಿ ಸುತ್ತು ಚಿಕ್ಕದಾದಷ್ಟೂ ಧೂಳನ್ನು ಹೊರಗೆ ತಳ್ಳುವ ಬಲ ಹೆಚ್ಚು. ಅದಕ್ಕೇ ದುಬಾರಿ ಯಂತ್ರದಲ್ಲಿ ಒಂದು ದೊಡ್ಡ ಶಂಕುವಿನ ಮೇಲೆ ಹತ್ತು-ಹನ್ನೆರಡು ಸಣ್ಣ ಶಂಕುಗಳನ್ನು ಸುತ್ತಲೂ ಕೂಡಿಸಿರುತ್ತಾರೆ. ಅಗ್ಗದ್ದರಲ್ಲಿ ಒಂದೇ ಇರುತ್ತದೆ; ಕೆಲವದರಲ್ಲಿ ಅದೂ ಇರುವುದಿಲ್ಲ, ಬರೀ ಡಬ್ಬಿ ಮತ್ತು ಜಾಳಿಗೆ. ಆಗ ನುಣ್ಣನೆಯ ಪುಡಿಯೆಲ್ಲ ಫಿಲ್ಟರಿಗೆ ಹೋಗಿ ಕೂಡುತ್ತದೆ, ನಾಲ್ಕು ದಿನಕ್ಕೆ ಎಳೆತ ಕುಂದುತ್ತದೆ. ನಮ್ಮ ಕಡೆಯ ಧೂಳು ನುಣ್ಣನೆಯದೇ. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಕಿಟಕಿಯ ಸಂದಿಯಲ್ಲಿ ಹಿಟ್ಟಿನ ಹಾಗೆ ಬಂದು ಕೂಡುತ್ತದೆ. ಹುಬ್ಬಳ್ಳಿಯಲ್ಲಿ ಮೊದಲು ಬಸ್ಸಿಗೇ ಮೀಸಲಾದ ಬಿಆರ್‌ಟಿಎಸ್ ರಸ್ತೆ, ಆಮೇಲೆ ಚೆನ್ನಮ್ಮ ವೃತ್ತದ ಕಡೆ ಮೇಲ್ಸೇತುವೆ ಎಂದು ಕೆಲಸ ನಡೆದಾಗ ಸಿಮೆಂಟಿನ ಪುಡಿಯೂ ಮನೆಯೊಳಗೆ ಬಂದದ್ದು ಎಲ್ಲರಿಗೂ ಗೊತ್ತು.

ಆದ್ದರಿಂದ ಅಂಗಡಿಗೆ ಹೋಗುವಾಗ ಒಂದು ಕಾಗದದಲ್ಲಿ ಎರಡು ಚಮಚ ರಂಗೋಲಿ ಪುಡಿ ಕಟ್ಟಿಕೊಂಡು ಹೋಗಿರಿ. ಅಂಗಡಿಯವರು ಕಡಲೆಕಾಳು, ಹರಿದ ಕಾಗದ ಚೆಲ್ಲಿ ಎಳೆದು ತೋರಿಸುತ್ತಾರೆ. ಅದನ್ನು ಯಾವ ಯಂತ್ರವೂ ಎಳೆಯುತ್ತದೆ. ರಂಗೋಲಿ ಪುಡಿಯನ್ನು ಗೋಡೆಯ ಅಂಚಿಗೆ ಚೆಲ್ಲಿ ಎಳೆಯಲು ಹೇಳಿರಿ. ಎಳೆಯುವಾಗ ಯಂತ್ರದ ಹಿಂದೆ, ಗಾಳಿ ಹೊರಗೆ ಬರುವ ಜಾಗಕ್ಕೆ ಅಡ್ಡಲಾಗಿ ಮೊಬೈಲಿನ ಟಾರ್ಚ್ ಹಚ್ಚಿ ಹಿಡಿಯಿರಿ. ಬೆಳಕಿನಲ್ಲಿ ಕಣಗಳು ಹಾರಾಡಿದರೆ ಅದು ಬಹುಮಟ್ಟಿಗೆ ನಿಮ್ಮ ಪುಡಿಯೇ. ಮನೆಯಲ್ಲಿ ಯಂತ್ರ ಹಳೆಯದಾದ ಮೇಲೆ ಇನ್ನೊಂದು ಪರೀಕ್ಷೆ ಮಾಡಬಹುದು. ಊದಿನಕಡ್ಡಿ ಹಚ್ಚಿ, ಡಬ್ಬಿ ಮತ್ತು ಕೊಳವೆ ಕೂಡುವ ಜಾಗದ ಹತ್ತಿರ ತುಸು ದೂರ ಹಿಡಿದು, ಯಂತ್ರ ಚಾಲೂ ಮಾಡಿರಿ. ಹೊಗೆ ಆ ಸಂದಿಯೊಳಗೆ ಎಳೆದುಕೊಂಡು ಹೋದರೆ ರಬ್ಬರ್ ವಾಶರ್ ಸಡಿಲವಾಗಿದೆ ಎಂದರ್ಥ. ಎಳೆತ ಕಡಿಮೆಯಾಗಿದೆ ಎಂದು ಬರುವ ಎಷ್ಟೋ ಯಂತ್ರಗಳಿಗೆ ಬೇಕಾದದ್ದು ಅದೊಂದು ವಾಶರ್ ಮಾತ್ರ.

ಯಂತ್ರ ಬರುವ ಡಬ್ಬದ ಮೇಲೆ ಬರೆದಿರುವ ಹೆಪಾ ಎಂಬ ಶಬ್ದದ ಬಗ್ಗೆ ಎಚ್ಚರ ಬೇಕು. ನಿಜವಾದ ಹೆಪಾ ಫಿಲ್ಟರ್ ಎಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ತಡೆಯುವಂಥದು. ನಮ್ಮ ತಲೆಗೂದಲು ಹತ್ತಿರ ಹತ್ತಿರ 70 ಮೈಕ್ರಾನ್ ದಪ್ಪ. ಅದರ ಇನ್ನೂರರಲ್ಲಿ ಒಂದು ಪಾಲಿಗಿಂತ ಸಣ್ಣ ಕಣ ಅದು. ಆದರೆ ಫಿಲ್ಟರ್ ಎಷ್ಟೇ ಛಲೋ ಇದ್ದರೂ ಅದರ ಅಂಚಿನಲ್ಲಿ ಸಂದಿ ಇದ್ದರೆ ಗಾಳಿ ಸುಲಭದ ದಾರಿ ಹಿಡಿದು ಆ ಸಂದಿಯಿಂದಲೇ ಹೋಗುತ್ತದೆ. ಅಗ್ಗದ ಯಂತ್ರದಲ್ಲಿ ಹೆಪಾ ಎಂದು ಬರೆದ ಫಿಲ್ಟರ್ ಇರಬಹುದು, ಅದರ ಸುತ್ತ ರಬ್ಬರ್ ಇರುವುದಿಲ್ಲ. ದುಬಾರಿಯದರಲ್ಲಿ ನೀವು ಹಣ ಕೊಡುವುದು ಮುಖ್ಯವಾಗಿ ಆ ರಬ್ಬರಿಗೆ, ಇಡೀ ಯಂತ್ರವನ್ನು ಗಾಳಿ ಸೋರದಂತೆ ಕಟ್ಟಿದ್ದಕ್ಕೆ.

ವ್ಯಾಟ್ ನೋಡಿ ಕೊಳ್ಳುವವರಿಗೂ ಒಂದು ಮಾತು. ವ್ಯಾಟ್ ಎಂದರೆ ಯಂತ್ರ ತಿನ್ನುವ ಕರೆಂಟ್, ಅದು ಮಾಡುವ ಕೆಲಸವಲ್ಲ. ಯುರೋಪಿನವರು 2014ರಲ್ಲಿ ವ್ಯಾಕ್ಯೂಮ್ ಕ್ಲೀನರಿಗೆ 1,600 ವ್ಯಾಟ್ ಮಿತಿ ಹಾಕಿದರು, 2017ರಲ್ಲಿ ಅದನ್ನು 900ಕ್ಕೆ ಇಳಿಸಿದರು. ಇಂಜಿನಿಯರುಗಳು ಅಷ್ಟರಲ್ಲೇ ಛಲೋ ಎಳೆಯುವ ಯಂತ್ರ ಮಾಡಿ ತೋರಿಸಿದರು. 800 ವ್ಯಾಟಿನದನ್ನು ದಿನಕ್ಕೆ 20 ನಿಮಿಷ ನಡೆಸಿದರೆ ತಿಂಗಳಿಗೆ 8 ಯೂನಿಟ್ ಆಗುತ್ತದೆ, ಹೆಸ್ಕಾಂ ಬಿಲ್ಲಿಗೆ ಹೆದರುವ ಕಾರಣವಿಲ್ಲ.

ಇನ್ನು ನೆಲದ ಮಾತು. ನಿಂತು ನೂಕುವ ಯಂತ್ರ ಮೂಲದಲ್ಲಿ ಕಾರ್ಪೆಟ್ ಹಾಸಿದ ನೆಲಕ್ಕಾಗಿ ಆದದ್ದು. ಅದರ ಬಾಯಲ್ಲಿ ಒಂದು ಉರುಳುವ ಬ್ರಷ್ ಇರುತ್ತದೆ, ಕಾರ್ಪೆಟಿನ ಎಳೆಗಳನ್ನು ಬಡಿದು ಧೂಳು ಎಬ್ಬಿಸಲು. ನಮ್ಮ ಮನೆಯಲ್ಲಿ ಫರಸಿ, ಮೊಸಾಯಿಕ್, ಟೈಲ್ಸ್. ಗಟ್ಟಿ ನೆಲದ ಮೇಲೆ ಆ ಬ್ರಷ್ ತಿರುಗಿದರೆ ಉಸುಕು ಹಿಂದಕ್ಕೆ ಸಿಡಿದು ನಿಮ್ಮ ಕಾಲಿಗೇ ಬಡಿಯುತ್ತದೆ. ಆದ್ದರಿಂದ ಬ್ರಷ್ ನಿಲ್ಲಿಸುವ ಬಟನ್ ಇದೆಯೇ, ಅಥವಾ ಮೆತ್ತನೆಯ ಬಟ್ಟೆಯ ಉರುಳೆ ಬೇರೆ ಕೊಡುತ್ತಾರೆಯೇ ಎಂದು ಕೇಳಲೇಬೇಕು. ಅಗ್ಗದ ಬಹಳಷ್ಟು ಯಂತ್ರಗಳಲ್ಲಿ ತಿರುಗುವ ಬ್ರಷ್ಷೇ ಇರುವುದಿಲ್ಲ, ಬರೀ ಚಪ್ಪಟೆ ಬಾಯಿ. ಟೈಲ್ಸ್ ನೆಲಕ್ಕೆ ಅದು ಕೊರತೆಯೇ ಅಲ್ಲ, ಅನುಕೂಲ.

ನವಲಗುಂದದ ಜಮಖಾನೆ ಇದ್ದವರು ಇದನ್ನು ಮನಸ್ಸಿಟ್ಟು ಕೇಳಿರಿ. ಒಮ್ಮೆ ಒಬ್ಬ ತಾಯಿ ಯಂತ್ರದ ತಲೆಯನ್ನಷ್ಟೇ ಕಳಚಿ ಚೀಲದಲ್ಲಿ ಹಾಕಿಕೊಂಡು ಬಂದರು. "ತಮ್ಮಾ, ಸುಟ್ಟ ವಾಸನಿ ಬಂತು, ಬಂದ್ ಮಾಡಿದೆ" ಅಂದರು. ತಿರುವಿ ನೋಡಿದರೆ ಬ್ರಷ್ಷಿನ ಉರುಳೆಗೆ ಜಮಖಾನೆಯ ಅಂಚಿನ ಕುಚ್ಚು ಬಿಗಿಯಾಗಿ ಸುತ್ತಿಕೊಂಡಿತ್ತು, ಕೆಂಪು, ನೀಲಿ, ಹಳದಿ ದಾರ, ಅದರೊಳಗೆ ಉದ್ದನೆಯ ಕೂದಲು. ಬ್ಲೇಡಿನಿಂದ ಒಂದೊಂದೇ ಕೊಯ್ದು ತೆಗೆಯಲು ಅರ್ಧ ತಾಸು ಹಿಡಿಯಿತು. ಬೆಲ್ಟ್ ಕರಗಿ ಅಂಟಿತ್ತು. ಬೆಲ್ಟ್ ಹೊಸದು ಹಾಕಿಕೊಟ್ಟೆ, ಆದರೆ ಕೈಮಗ್ಗದಲ್ಲಿ ನೇಯ್ದ ಆ ಕುಚ್ಚನ್ನು ಮತ್ತೆ ಹಾಕಿಕೊಡುವುದು ನನ್ನ ಕೈಯಲ್ಲಿಲ್ಲ. ಜಮಖಾನೆಗೆ ಎಳೆ ಎದ್ದಿರುವುದಿಲ್ಲ, ಹಾಗಾಗಿ ಬಡಿಯುವ ಬ್ರಷ್ ಅದಕ್ಕೆ ಬೇಡವೇ ಬೇಡ. ಬ್ರಷ್ ಬಂದ್ ಮಾಡಿ, ಅಂಚು ಬಿಟ್ಟು, ನೇಯ್ಗೆಯ ಉದ್ದಕ್ಕೆ ಬರೀ ಬಾಯಿಂದ ಎಳೆಯಿರಿ.

ವೈರ್ ಇಲ್ಲದ ಬ್ಯಾಟರಿ ಯಂತ್ರಗಳು ಕೈಗೆ ಹಗುರ, ಮೆಟ್ಟಿಲು ಹತ್ತಿಸಲು, ಗಾದಿ ಎಳೆಯಲು ಸುಲಭ. ಆದರೆ ಡಬ್ಬದ ಮೇಲೆ 60 ನಿಮಿಷ ಎಂದು ಬರೆದದ್ದು ಮೆಲ್ಲನೆ ನಡೆಸಿದಾಗಿನ ಲೆಕ್ಕ. ಪೂರ್ತಿ ಜೋರಿನಲ್ಲಿ ಹತ್ತು ನಿಮಿಷದ ಸುಮಾರಿಗೆ ಬ್ಯಾಟರಿ ಇಳಿಯುತ್ತದೆ. ಲಿಥಿಯಂ ಬ್ಯಾಟರಿಗೆ ಆಯುಷ್ಯವೂ ಇದೆ, ಕೆಲವು ವರ್ಷಕ್ಕೆ ಬದಲಿಸಬೇಕು, ಅದಕ್ಕೆ ಸಾವಿರಗಟ್ಟಲೆ ಖರ್ಚು. 4,000ದ ವೈರಿನ ಯಂತ್ರಕ್ಕೆ ಆ ಖರ್ಚಿಲ್ಲ.

ಬಿಡಿಭಾಗದ ವಿಷಯದಲ್ಲಿ ನನಗೆ ನಿಜವಾಗಿಯೂ ಸಿಟ್ಟಿದೆ. ಒಂದು ದುಬಾರಿ ಯಂತ್ರದ ಡಬ್ಬಿಯ ಚಿಲಕ ಮುರಿದಿತ್ತು, ಉಗುರಿನಷ್ಟು ಪ್ಲಾಸ್ಟಿಕ್. ಕಂಪನಿಯನ್ನು ಕೇಳಿದರೆ ಚಿಲಕ ಬೇರೆ ಸಿಗುವುದಿಲ್ಲ, ಇಡೀ ಡಬ್ಬಿಯನ್ನೇ ಕೊಳ್ಳಿರಿ ಎಂದರು. ಆ ಡಬ್ಬಿಯ ಬೆಲೆಗೆ ಒಂದು ಅಗ್ಗದ ಯಂತ್ರವೇ ಬರುತ್ತಿತ್ತು. ಕೊಳ್ಳುವ ಮೊದಲೇ ಫಿಲ್ಟರ್, ಬೆಲ್ಟ್, ಬ್ಯಾಟರಿ, ಡಬ್ಬಿ ಹುಬ್ಬಳ್ಳಿಯಲ್ಲಿ ಸಿಗುತ್ತವೆಯೇ, ಎಷ್ಟಕ್ಕೆ ಎಂದು ಬರೆಸಿಕೊಳ್ಳಿರಿ. ಹೇಳಲು ಆಗದವರಿಂದ ಕೊಳ್ಳಬೇಡಿರಿ.

ಹಾಗಾದರೆ ಯಾರು ಯಾವುದು ಕೊಳ್ಳಬೇಕು? ಮನೆಯಲ್ಲಿ ಯಾರಿಗೂ ಉಸಿರಿನ ತೊಂದರೆ ಇಲ್ಲ, ಟೈಲ್ಸ್ ನೆಲ, ಎರಡು ಖೋಲಿ ಎಂದರೆ ಅಗ್ಗದ ವೈರಿನ ಯಂತ್ರ ಸಾಕು, ಮೇಲೊಮ್ಮೆ ಹಸಿ ಬಟ್ಟೆಯಿಂದ ಒರೆಸಿರಿ. ನನ್ನ ಮನೆಯಲ್ಲಿರುವುದು ಅದೇ. 40,000ದ್ದನ್ನು ಕಂತಿನ ಮೇಲೆ ತರುವ ಅಗತ್ಯ ಕಾಣುವುದಿಲ್ಲ. ಪುಟ್ಟಿ, ಸಿಮೆಂಟು, ಬೂದಿ, ಹಸಿ ಕಸವನ್ನು ಮಾತ್ರ ಅಗ್ಗದ್ದಕ್ಕೂ ದುಬಾರಿಯದಕ್ಕೂ ಕೊಡಬೇಡಿರಿ.

ದಮ್ಮಿನವರು ಇದ್ದಲ್ಲಿ ಲೆಕ್ಕ ಬೇರೆ. ಅಲ್ಲಿ ಗಾಳಿ ಸೋರದ ಯಂತ್ರಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಧಾರವಾಡದ ಮಳೆಗಾಲದ ತೇವದಲ್ಲಿ ಗಾದಿಯೊಳಗೆ ಕಣ್ಣಿಗೆ ಕಾಣದ ಧೂಳಿನ ಹುಳ ಬೆಳೆಯುತ್ತವೆ. ನಮ್ಮ ಚರ್ಮದಿಂದ ಉದುರುವ ಪುಡಿಯೇ ಅವುಗಳ ಆಹಾರ, ಅವುಗಳ ಹಿಕ್ಕೆಯೇ ಎಷ್ಟೋ ಜನರಿಗೆ ಉಬ್ಬಸ ತರುತ್ತದೆ. ಬಿಸಿಲು ಬಿದ್ದ ದಿನ ಗಾದಿ ಒಣಗಿಸಿ, ಆಮೇಲೆ ಸಣ್ಣ ಬ್ರಷ್ಷಿನ ತಲೆಯಿಂದ ಎಳೆದರೆ ಬಹಳ ಉಪಕಾರವಾಗುತ್ತದೆ. ಆದರೆ ಡಾಕ್ಟರು ಕೊಟ್ಟ ಇನ್‌ಹೇಲರನ್ನು ಯಂತ್ರ ಬಂತೆಂದು ಬಿಡಬಾರದು. ಚೀಲವಿಲ್ಲದ ಯಂತ್ರದ ದೊಡ್ಡ ದೋಷವೂ ಇಲ್ಲೇ ಇದೆ: ಹಿಡಿದ ಧೂಳನ್ನೆಲ್ಲ ಡಬ್ಬಿ ತೆರೆದು ಸುರಿಯಬೇಕು. ಆ ಕೆಲಸ ದಮ್ಮಿನವರು ಮಾಡಕೂಡದು. ಬೇರೆಯವರು ಅಂಗಳಕ್ಕೆ ಒಯ್ದು, ಗಾಳಿಗೆ ಬೆನ್ನು ಮಾಡಿ ನಿಂತು, ಹಸಿ ಮಾಡಿದ ಪೇಪರಿನ ಮೇಲೆ ಮೆಲ್ಲಗೆ ಸುರಿದು ಮಡಚಬೇಕು.

ಅಕ್ಕನಿಗೆ ನಾನು ದುಬಾರಿಯದನ್ನೇ ಕೊಡಿಸಿದೆ, ಹಣ ಕೂಡಿಸಲು ಒಂದೂವರೆ ವರ್ಷ ಹಿಡಿಯಿತು. ಡಬ್ಬಿ ಸುರಿಯುವುದು ಅಳಿಯನ ಕೆಲಸ, ಫಿಲ್ಟರ್ ತೊಳೆಯುವುದು ಅಕ್ಕನದು. ತೊಳೆದ ಫಿಲ್ಟರ್ ಪೂರ್ತಿ ಒಣಗಲು 24 ತಾಸು ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಸಿ ಇರುವಾಗಲೇ ಹಾಕಿ ಮೋಟರ್ ಸುಟ್ಟುಕೊಂಡು ನನ್ನಲ್ಲಿಗೆ ಬಂದವರು ಬಹಳ. ಹೋದ ಸೋಮವಾರ ಅಕ್ಕ ಫೋನ್ ಮಾಡಿದಳು. "ನಿನ್ನಿ ಮಾಳಿಗಿ ಮ್ಯಾಲ ಒಣ ಹಾಕೇನಿ, ಮ್ಯಾಲ ಒಣಗೇದ, ಒಳಗ ತಂಪದ. ಹಾಕ್ಲೇನು?" ಮಾತಾಡುವಾಗ ಉಸಿರು ಎಳೆಯುವ ಸಪ್ಪಳ ಇರಲಿಲ್ಲ. "ಬ್ಯಾಡಕ್ಕಾ, ನಾಳಿ ತನಕಾ ತಡಿ" ಅಂದೆ.

ನಮಸ್ಕಾರ.