ಮೊಣಕಾಲುದ್ದದ ಕಡಲು

ಕೇಳುಗರಿಗೆಲ್ಲ ನಮಸ್ಕಾರ.

ಫ್ಲೋರಿಡಾಕ್ಕೆ ರಜೆಗೆಂದು ಬರುವ ನಮ್ಮ ಜನ ಹೆಚ್ಚಾಗಿ ಇಳಿಯುವುದು ಒರ್ಲ್ಯಾಂಡೊ ನಗರದಲ್ಲಿ. ಎರಡು ಮೂರು ದಿನ ಡಿಸ್ನಿ, ಯೂನಿವರ್ಸಲ್ ಎಂದು ಸುತ್ತುವಷ್ಟರಲ್ಲಿ ಅಜ್ಜ ಅಜ್ಜಿಯರ ಕಾಲು ಸೋತಿರುತ್ತದೆ, ಮಕ್ಕಳು ಸಾಲಿನಲ್ಲಿ ನಿಂತು ನಿಂತು ಹಠ ಹಿಡಿದಿರುತ್ತಾರೆ. ಆಗ ಯಾರಾದರೊಬ್ಬರು ಕೇಳುತ್ತಾರೆ: ‘ನಾಳೆ ಸಮುದ್ರಕ್ಕೆ ಹೋಗಿ ಬರೋಣವೇ? ಯಾವುದು ಚೆನ್ನಾಗಿದೆ?’

ನಾನು ಈ ಊರಿನಲ್ಲಿ ನೆಲೆಸಿ ಹದಿನೈದು ವರ್ಷ ದಾಟಿತು. ಬೆಂಗಳೂರಿನಿಂದ ಬಂದ ನೆಂಟರು, ಟೆಕ್ಸಾಸ್‌ನಿಂದ ಕಾರಿನಲ್ಲಿ ಬಂದ ಗೆಳತಿಯರು, ಮಗನ ಮನೆಗೆಂದು ಬಂದ ಮೈಸೂರಿನ ಹಿರಿಯರು, ಎಲ್ಲರೂ ನನ್ನಲ್ಲಿ ಈ ಪ್ರಶ್ನೆ ಕೇಳಿದ್ದಾರೆ. ಉತ್ತರ ಹೇಳುವ ಮೊದಲು ನಾನು ಒಂದು ಮಾತು ಕೇಳಿ ತಿಳಿದುಕೊಳ್ಳುತ್ತೇನೆ. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರು? ಎಲ್ಲರಿಗಿಂತ ಹಿರಿಯರು ಯಾರು?

ಹೀಗೆ ಕೇಳುವುದಕ್ಕೆ ಕಾರಣವಿದೆ. ನಾವು ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ನನ್ನ ಮಗಳಿಗೆ ನಾಲ್ಕು ವರ್ಷ. ಕುಂದಾಪುರದಿಂದ ಅಮ್ಮ ಬಂದಿದ್ದರು. ಚಿತ್ರದಲ್ಲಿ ಚೆಂದ ಕಂಡ ಅಟ್ಲಾಂಟಿಕ್ ಬದಿಯ ಒಂದು ತೀರಕ್ಕೆ ಹೊರಟೆವು. ಅಮ್ಮ ಮೊಮ್ಮಗಳ ಕೈ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತರು. ಮೊಣಕಾಲು ಎಂದರೆ ಅಮ್ಮನ ಮೊಣಕಾಲು. ಮಗುವಿಗೆ ಅದು ಸೊಂಟದ ನೀರು. ಒಂದು ಅಲೆ ಬಂದು ಒಡೆಯಿತು, ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು. ಇಬ್ಬರೂ ಬಿದ್ದರು. ಅಮ್ಮ ಹುಟ್ಟಿದಂದಿನಿಂದ ಕಡಲನ್ನು ಬಲ್ಲವರು. ಆದರೂ ನೆನೆದ ಸೀರೆಯ ಭಾರದಲ್ಲಿ ಅವರಿಗೆ ಏಳಲಾಗಲಿಲ್ಲ. ನನ್ನ ಯಜಮಾನರು ಓಡಿ ಹೋಗಿ ಇಬ್ಬರನ್ನೂ ಹಿಡಿದೆತ್ತಿದರು. ಎಲ್ಲ ಐದಾರು ಸೆಕೆಂಡಿನೊಳಗೆ ಮುಗಿದ ಮಾತು. ಮಗಳು ಉಪ್ಪುನೀರು ಕುಡಿದು ಕೆಮ್ಮಿದಳು, ಬೇರೇನೂ ಆಗಲಿಲ್ಲ. ಆದರೆ ಆಮೇಲೆ ಎರಡು ವರ್ಷ ಅವಳು ಸಮುದ್ರದ ಹೆಸರೆತ್ತಿದರೆ ಅಳುತ್ತಿದ್ದಳು. ಅಂದಿನಿಂದ ನಾನು ತೀರವನ್ನು ಅಳೆಯುವುದು ಮಗುವಿನ ಮೊಣಕಾಲಿನಿಂದ.

ಫ್ಲೋರಿಡಾದ ನಕಾಶೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಕೆಳಮುಖವಾಗಿ ಚಾಚಿದ ಹೆಬ್ಬೆರಳಿನಂಥ ನೆಲ. ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ, ಪಶ್ಚಿಮಕ್ಕೆ ಮೆಕ್ಸಿಕೋ ಕೊಲ್ಲಿ. ಒರ್ಲ್ಯಾಂಡೊ ನಡುವೆ ಇದೆ. ಪೂರ್ವದ ಕೊಕೊ ಬೀಚ್‌ಗೆ ಸುಮಾರು ನೂರು ಕಿಲೋಮೀಟರ್, ಒಂದು ಗಂಟೆಯ ಹಾದಿ. ಪಶ್ಚಿಮದ ಕ್ಲಿಯರ್‌ವಾಟರ್‌ಗೆ ಎರಡು ಗಂಟೆ. ಟ್ಯಾಂಪಾ ನಗರದ ವಾಹನ ದಟ್ಟಣೆಗೆ ಸಿಕ್ಕಿದರೆ ಇನ್ನೂ ಹೆಚ್ಚು. ಹತ್ತಿರ ಎಂಬ ಒಂದೇ ಕಾರಣಕ್ಕೆ ಬಹಳ ಜನ ಪೂರ್ವಕ್ಕೆ ಹೋಗುತ್ತಾರೆ. ನಾನು ಐದು ವರ್ಷದೊಳಗಿನ ಮಕ್ಕಳಿರುವವರಿಗೆ ಹೇಳುವುದು: ಇನ್ನೊಂದು ಗಂಟೆ ಹೆಚ್ಚು ಕಾರಿನಲ್ಲಿ ಕುಳಿತುಕೊಳ್ಳಿ, ಪಶ್ಚಿಮಕ್ಕೇ ಹೋಗಿ.

ಎರಡೂ ಸಮುದ್ರವೇ ಆದರೂ ಸ್ವಭಾವ ಬೇರೆ. ಅಟ್ಲಾಂಟಿಕ್ ತೆರೆದ ಸಾಗರ. ಸಾವಿರಾರು ಕಿಲೋಮೀಟರ್ ಆಚೆ ಎದ್ದ ಅಲೆಯೂ ಅಡೆತಡೆಯಿಲ್ಲದೆ ಬಂದು ದಡಕ್ಕೆ ಬಡಿಯುತ್ತದೆ. ಕೊಲ್ಲಿಯಾದರೋ ಮುಕ್ಕಾಲು ಭಾಗ ನೆಲದಿಂದ ಸುತ್ತುವರಿದದ್ದು. ಅದರ ದಡದ ಬಳಿ ಕಡಲತಳ ಬಹುದೂರದವರೆಗೆ ನಿಧಾನವಾಗಿ ಇಳಿಯುತ್ತದೆ. ಸಾಮಾನ್ಯವಾಗಿ ಬೀಸುವ ಮೂಡಣ ಗಾಳಿಗೆ ಇಡೀ ಫ್ಲೋರಿಡಾವೇ ಮರೆಯಾಗಿ ನಿಲ್ಲುತ್ತದೆ. ಹಾಗಾಗಿ ಬಿರುಗಾಳಿಯಿಲ್ಲದ ದಿನ ಅಲ್ಲಿನ ನೀರು ಕೆರೆಯಂತೆ ಮೆಲ್ಲಗೆ ಅಲುಗುತ್ತಿರುತ್ತದೆ.

ಪಶ್ಚಿಮದಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು ಸೇಂಟ್ ಪೀಟರ್ಸ್‌ಬರ್ಗ್ ನಗರದ ದಕ್ಷಿಣಕ್ಕಿರುವ ಫೋರ್ಟ್ ಡಿಸೋಟೊ ಉದ್ಯಾನ. ಐದು ಪುಟ್ಟ ದ್ವೀಪಗಳನ್ನು ಸೇರಿಸಿದ ಜಾಗ. ಎತ್ತರದ ಹೋಟೆಲುಗಳಿಲ್ಲ, ಅಂಗಡಿಗಳ ಸಾಲಿಲ್ಲ. ಅಲ್ಲಿನ ಉತ್ತರದ ತೀರದಲ್ಲಿ ಮರಳ ದಿಣ್ಣೆಗಳ ಒಳಗೆ ನೀರು ನಿಂತು ಬೆಚ್ಚಗಿನ, ಆಳವಿಲ್ಲದ ಹಿನ್ನೀರಿನಂತಾಗಿರುತ್ತದೆ. ನನ್ನ ಮಗಳು ಎರಡು ವರ್ಷದ ಅಂಜಿಕೆಯನ್ನು ಬಿಟ್ಟದ್ದು ಆ ನೀರಿನಲ್ಲಿ. ಮೊದಲು ದಡದಲ್ಲಿ ಕುಳಿತಳು, ಆಮೇಲೆ ಕಾಲು ಚಾಚಿದಳು, ಮಧ್ಯಾಹ್ನದ ಹೊತ್ತಿಗೆ ಕಪ್ಪೆಚಿಪ್ಪು ಹುಡುಕುತ್ತಾ ನೀರಿನೊಳಗೇ ನಡೆದಾಡುತ್ತಿದ್ದಳು. ನೀರಾಟ ಸಾಕೆನಿಸಿದ ದೊಡ್ಡ ಮಕ್ಕಳಿಗೆ ನೋಡಲು 1898ರಲ್ಲಿ ಕಟ್ಟಲು ತೊಡಗಿದ ಕೋಟೆಯೂ, ಅದರ ಹಳೆಯ ಫಿರಂಗಿಗಳೂ ಇವೆ.

ಇನ್ನೂ ದಕ್ಷಿಣಕ್ಕೆ ಸರಸೋಟಾ ನಗರದ ಬಳಿ ಸಿಯೆಸ್ಟಾ ಕೀ ಎಂಬ ದ್ವೀಪ. ಇಲ್ಲಿನ ಮರಳು ಹೆಚ್ಚುಕಡಿಮೆ ಶುದ್ಧ ಸ್ಫಟಿಕಶಿಲೆಯ ಪುಡಿ. ಅಪಲಾಚಿಯನ್ ಬೆಟ್ಟಗಳಿಂದ ನದಿಗಳು ಯುಗಯುಗಗಳಿಂದ ತಂದು ಸುರಿದದ್ದು. ಹಿಟ್ಟಿನಷ್ಟು ನುಣುಪು, ಕಣ್ಣು ಕೋರೈಸುವಷ್ಟು ಬಿಳುಪು. ನಡುಹಗಲಿನಲ್ಲಿಯೂ ಬರಿಗಾಲು ಸುಡುವುದಿಲ್ಲ. ಎಳೆಯ ಪಾದಗಳಿಗೂ ವಯಸ್ಸಾದ ಪಾದಗಳಿಗೂ ಇದೊಂದು ದೊಡ್ಡ ಸುಖ. ಕಾರು ನಿಲ್ಲಿಸಿದಲ್ಲಿಂದ ನೀರಿಗೆ ಬಹಳ ನಡೆಯಬೇಕು ಎಂಬುದು ಮಾತ್ರ ತೊಡಕು. ಮೊಣಕಾಲು ನೋವಿರುವವರಿಗಾಗಿ ಮರಳ ಮೇಲೆ ಗಟ್ಟಿ ಚಾಪೆಯ ದಾರಿ ಹಾಸಿದ್ದಾರೆ. ಅಗಲ ಚಕ್ರದ ಗಾಲಿಕುರ್ಚಿಯನ್ನೂ ಕೇಳಿ ಪಡೆಯಬಹುದು. ನಮ್ಮ ಹಿರಿಯರು ಕೇಳುವುದಕ್ಕೆ ಸಂಕೋಚಪಡುತ್ತಾರೆ. ದಯವಿಟ್ಟು ಸಂಕೋಚ ಬೇಡ, ಅದು ನಿಮ್ಮಂಥವರಿಗೆಂದೇ ಇಟ್ಟದ್ದು.

ಅಲ್ಲಿಂದ ಅರ್ಧ ಗಂಟೆ ಮುಂದೆ ವೆನಿಸ್ ಎಂಬ ಊರು. ಇಟಲಿಯದಲ್ಲ, ಫ್ಲೋರಿಡಾದ್ದು. ಇದರ ಕ್ಯಾಸ್ಪರ್ಸನ್ ತೀರದ ಮರಳು ಕಪ್ಪುಮಿಶ್ರಿತ, ಒರಟು. ಅಲ್ಲಿಗೆ ಹೋಗುವುದು ಶಾರ್ಕ್ ಹಲ್ಲುಗಳಿಗಾಗಿ. ಲಕ್ಷಾಂತರ ವರ್ಷಗಳ ಹಿಂದಿನ ಶಾರ್ಕ್‌ಗಳ ಹಲ್ಲು ಕಲ್ಲಾಗಿ, ಕಪ್ಪಗೆ ಹೊಳೆಯುತ್ತಾ ದಡಕ್ಕೆ ಬಂದು ಬೀಳುತ್ತದೆ. ಅಡುಗೆಮನೆಯ ಜರಡಿಯೊಂದು ಜೊತೆಯಲ್ಲಿದ್ದರೆ ಎಂಟು ಹತ್ತು ವರ್ಷದ ಮಕ್ಕಳು ಊಟ ಮರೆತು ಸೋಸುತ್ತಾ ಕೂರುತ್ತಾರೆ. ಸಿಕ್ಕಿದ ಹಲ್ಲನ್ನು ಮನೆಗೆ ಒಯ್ಯಲು ಅನುಮತಿಯೇನೂ ಬೇಕಿಲ್ಲ.

ಪೂರ್ವಕ್ಕೆ ಹೋಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಈಜು ಕಲಿತ ಮಕ್ಕಳಿಗೆ ಅಲೆಯ ಜೊತೆಗಿನ ಆಟದಷ್ಟು ಸಂತೋಷ ಬೇರೊಂದಿಲ್ಲ. ಕೇಪ್ ಕೆನವೆರಲ್ ಬಂದರಿನ ಪಕ್ಕದ ಜೆಟ್ಟಿ ಪಾರ್ಕ್ ನನ್ನ ಆಯ್ಕೆ. ಜೀವರಕ್ಷಕರಿದ್ದಾರೆ, ನೆರಳಿದೆ, ಶೌಚಾಲಯವಿದೆ. ಸಂಜೆಯಾಗುತ್ತಾ ಬಂದಂತೆ ಬಹುಮಹಡಿ ಕಟ್ಟಡದಂಥ ಪ್ರವಾಸಿ ಹಡಗುಗಳು ಕಣ್ಣೆದುರೇ ಹೊರಡುತ್ತವೆ. ಅದೃಷ್ಟವಿದ್ದ ದಿನ ಆಕಾಶಕ್ಕೇರುವ ರಾಕೆಟ್ಟೂ ಕಾಣುತ್ತದೆ. ಡೇಟೋನಾ ಮತ್ತು ನ್ಯೂ ಸ್ಮಿರ್ನಾ ಕಡೆ ಗಟ್ಟಿ ಮರಳಿನ ಮೇಲೆ ಕಾರುಗಳನ್ನೇ ಓಡಿಸಲು ಬಿಡುತ್ತಾರೆ. ಗಂಟೆಗೆ ಹತ್ತು ಮೈಲಿಯ ಮಿತಿ. ಬುತ್ತಿ, ಕೊಡೆ ಇಳಿಸಲು ಅನುಕೂಲ ನಿಜ, ಆದರೆ ಮರಳಿನಲ್ಲಿ ಬಿಟ್ಟ ಮಗು ಎತ್ತ ಓಡುತ್ತದೆ ಎಂದು ಹೇಳಲಾಗದು. ಅಲ್ಲಿಯೇ ಕಾರುಗಳಿಗೆ ಪ್ರವೇಶವಿಲ್ಲದ ಭಾಗಗಳಿವೆ, ಅವನ್ನೇ ಹುಡುಕಿಕೊಳ್ಳಿ. ಕೆನವೆರಲ್ ಬಳಿಯ ಪ್ಲಾಯಲಿಂಡಾ ತೀರದ ತುತ್ತತುದಿಯಲ್ಲೂ, ಮಯಾಮಿಯ ಹೌಲೋವರ್ ತೀರದ ಒಂದು ಭಾಗದಲ್ಲೂ ಬಟ್ಟೆ ತೊಡದೆ ಓಡಾಡುವ ರೂಢಿಯಿದೆ. ತಿಳಿಯದೆ ಹೋಗಿ ಮುಜುಗರಪಟ್ಟ ಕುಟುಂಬಗಳನ್ನು ನಾನು ಬಲ್ಲೆ.

ಮಯಾಮಿಯಲ್ಲಿ ಉಳಿದುಕೊಂಡವರಿಗೆ ಕೀ ಬಿಸ್ಕೇನ್ ದ್ವೀಪದ ಕ್ರ್ಯಾಂಡನ್ ಪಾರ್ಕ್ ಒಳ್ಳೆಯದು. ದಡದಾಚೆಯ ಮರಳ ದಿಣ್ಣೆ ಅಲೆಗಳನ್ನು ತಡೆಯುತ್ತದೆ. ಒಂದು ಕಾಲಕ್ಕೆ ತೆಂಗಿನ ತೋಟವಾಗಿದ್ದ ಜಾಗ ಅದು. ಇಂದಿಗೂ ತೆಂಗಿನ ನೆರಳು ಕಂಡಾಗ ಕರಾವಳಿಯವರ ಜೀವಕ್ಕೆ ತಂಪೆನಿಸುತ್ತದೆ. ಇನ್ನೂ ನಡೆಯಲು ಕಲಿಯುತ್ತಿರುವ ಕೂಸಿದ್ದರೆ ಮ್ಯಾಥೆಸನ್ ಹ್ಯಾಮಕ್ ಪಾರ್ಕ್‌ಗೆ ಹೋಗಿ. ದುಂಡಗಿನ ಕೊಳದಂತೆ ಕಟ್ಟಿದ ಕಡಲನೀರು. ಉಬ್ಬರ ಇಳಿತದ ಜೊತೆಗೆ ತಾನಾಗಿ ಬದಲಾಗುತ್ತಿರುತ್ತದೆ.

ಈಗ ಬಹಳ ಮುಖ್ಯವಾದ ಮಾತಿಗೆ ಬರುತ್ತೇನೆ. ಕೈಯಲ್ಲಿರುವ ಕೆಲಸವನ್ನು ಒಂದು ನಿಮಿಷ ಬಿಟ್ಟು ಕೇಳಿ.

ನಮ್ಮ ಕರಾವಳಿಯಲ್ಲಿ ‘ಸೆಳೆತ’ ಎನ್ನುತ್ತಾರಲ್ಲ, ಆ ಸೆಳೆತ ಫ್ಲೋರಿಡಾದಲ್ಲಿಯೂ ಪ್ರತಿವರ್ಷ ಜೀವ ತೆಗೆಯುತ್ತದೆ. ಅಲೆಗಳು ದಡಕ್ಕೆ ತಂದು ರಾಶಿಹಾಕಿದ ನೀರು ವಾಪಸು ಹೋಗಲೇಬೇಕು. ಮರಳ ದಿಣ್ಣೆಯಲ್ಲಿ ಎಲ್ಲಿ ಕಂಡಿಯಿದೆಯೋ ಅಲ್ಲಿಂದ ಅದು ಕಾಲುವೆಯಂತೆ ರಭಸವಾಗಿ ಹೊರನುಗ್ಗುತ್ತದೆ. ಕಂಡಿಯಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ. ಎರಡೂ ಬದಿಯಲ್ಲಿ ಬಿಳಿನೊರೆ, ನಡುವೆ ಮಾತ್ರ ಶಾಂತವಾದ ಒಂದು ಪಟ್ಟಿ. ತಾಯಿತಂದೆಯರು ‘ಇಲ್ಲಿ ಅಲೆ ಕಡಿಮೆ’ ಎಂದು ಮಗುವನ್ನು ಇಳಿಸುವುದು ಅಲ್ಲಿಯೇ. ಹಾಗೆ ಮಾಡಬೇಡಿ. ಅಲೆಗಳ ಮಧ್ಯೆ ಶಾಂತವಾಗಿ, ಬಣ್ಣ ಗಾಢವಾಗಿ ಕಾಣುವ ನೀರಿನಿಂದ ದೂರ ಇರಿ. ಮೀನು ಹಿಡಿಯುವ ಕಟ್ಟೆಗಳ, ಕಲ್ಲಿನ ತಡೆಗೋಡೆಗಳ ಪಕ್ಕದಲ್ಲಿಯೂ ಬೇಡ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸೆಣಸಬೇಡಿ, ದಣಿವೇ ಮುಳುಗಿಸುತ್ತದೆ. ತೇಲುತ್ತಾ ಕೈ ಬೀಸಿ ಕರೆಯಿರಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬನ್ನಿ. ಈಜು ಬಾರದವರು ಇನ್ನೊಬ್ಬರನ್ನು ಉಳಿಸಲು ಬರಿಗೈಯಲ್ಲಿ ಹಾರಬೇಡಿ. ತೇಲುವುದೇನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ.

ತೀರಕ್ಕೆ ಹೋದೊಡನೆ ಬಾವುಟ ನೋಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ. ಹಸಿರು ಇದ್ದರೆ ಸಮುದ್ರ ಶಾಂತ. ಹಳದಿ ಇದ್ದರೆ ಎಚ್ಚರ. ಒಂದು ಕೆಂಪು ಬಾವುಟ ಎಂದರೆ ಅಲೆಯೋ ಸೆಳೆತವೋ ಜೋರಾಗಿದೆ. ಚಿಕ್ಕ ಮಕ್ಕಳಿದ್ದರೆ ಅಂದು ಮರಳಿನ ಮನೆ ಕಟ್ಟುವುದಷ್ಟೇ. ಎರಡು ಕೆಂಪು ಬಾವುಟ ಎಂದರೆ ನೀರಿಗೆ ಇಳಿಯುವುದೇ ನಿಷೇಧ. ನೇರಳೆ ಬಾವುಟ ಕುಟುಕುವ ಜೀವಿಗಳ ಸೂಚನೆ. ಬಾವುಟವೇ ಇಲ್ಲದಿದ್ದರೆ ಅಪಾಯವಿಲ್ಲ ಎಂದು ತಿಳಿಯಬಾರದು. ಜೀವರಕ್ಷಕರಿಲ್ಲದ ತೀರಕ್ಕೆ ನಾನು ಮಕ್ಕಳನ್ನು ನೀರಾಟಕ್ಕೆ ಕರೆದೊಯ್ಯುವುದಿಲ್ಲ, ಅದೆಷ್ಟೇ ಸುಂದರವಾಗಿರಲಿ.

ಕೊಲ್ಲಿಯ ಬೆಚ್ಚಗಿನ ನೀರಿನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ತೊರಕೆ ಮೀನು, ಅಂದರೆ ಬಾಲದಲ್ಲಿ ವಿಷದ ಮುಳ್ಳಿರುವ ಸ್ಟಿಂಗ್‌ರೇ, ಮರಳಿನಡಿ ಮಲಗಿರುತ್ತದೆ. ಕಾಲನ್ನು ಎತ್ತಿ ಇಡದೆ ಮರಳಿನಲ್ಲಿ ಎಳೆದುಕೊಂಡು ನಡೆದರೆ ಸದ್ದಿಗೆ ಅದೇ ಸರಿದು ಹೋಗುತ್ತದೆ. ಕೆಲವು ವರ್ಷ ಕೊಲ್ಲಿಯಲ್ಲಿ ಸೂಕ್ಷ್ಮ ಪಾಚಿ ಹಬ್ಬಿ ‘ಕೆಂಪು ಉಬ್ಬರ’ ಬರುತ್ತದೆ. ಗಾಳಿಯಲ್ಲಿಯೇ ಅದರ ವಿಷ ತೇಲಿ ಗಂಟಲು ಕೆರೆಯುತ್ತದೆ, ಅಸ್ತಮಾ ಇರುವವರಿಗೆ ಬಹಳ ತೊಂದರೆ. ಸರಸೋಟಾದ ಮೋಟ್ ಕಡಲ ಪ್ರಯೋಗಾಲಯ ತೀರಗಳ ಸ್ಥಿತಿಯನ್ನು ಅಂತರ್ಜಾಲದಲ್ಲಿ ತಿಳಿಸುತ್ತಿರುತ್ತದೆ. ಹೊರಡುವ ಬೆಳಿಗ್ಗೆ ಒಮ್ಮೆ ನೋಡಿಕೊಳ್ಳಿ. ಚಂಡಮಾರುತಗಳ ಗಾಯವೂ ಬೇಗ ಮಾಯುವುದಿಲ್ಲ. 2022ರ ಇಯಾನ್ ಫೋರ್ಟ್ ಮೈಯರ್ಸ್ ತೀರವನ್ನು ನೆಲಸಮ ಮಾಡಿತು. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಅಪ್ಪಳಿಸಿದ್ದು ಸಿಯೆಸ್ಟಾ ಕೀ ಬಳಿಯೇ. ನಾನು ಹೇಳಿದ ಜಾಗಗಳೂ ಸೇರಿದಂತೆ ಯಾವುದೇ ತೀರಕ್ಕೆ ಹೊರಡುವ ಮುನ್ನ ತೆರೆದಿದೆಯೇ ಎಂದು ವಿಚಾರಿಸುವುದು ಲೇಸು.

ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಮೋಡ ಕಟ್ಟಿ ಗುಡುಗು ಸಿಡಿಲು ಶುರುವಾಗುತ್ತದೆ. ಗುಡುಗು ಕೇಳಿಸಿತೆಂದರೆ ಕೊಡೆಯಡಿ ಕೂರದೆ ಕಾರಿನೊಳಗೆ ಸೇರಿಕೊಳ್ಳಿ. ಕೊನೆಯ ಗುಡುಗಾದ ಮೇಲೆ ಅರ್ಧ ಗಂಟೆ ಕಾಯಿರಿ. ಡಿಸೆಂಬರ್ ರಜೆಗೆ ಬರುವವರು ತಿಳಿದಿರಲಿ: ಉತ್ತರದ ಮತ್ತು ನಡುಭಾಗದ ತೀರಗಳಲ್ಲಿ ಆಗ ನೀರು ಚಳಿಚಳಿ. ನೀರಾಟವೇ ಬೇಕಾದರೆ ಮಯಾಮಿಯ ಕಡೆಗೆ ಹೋಗಬೇಕು.

ಬುತ್ತಿಗೆ ನಾನು ಒಯ್ಯುವುದು ಪುಳಿಯೋಗರೆ, ಐಸ್ ಪೆಟ್ಟಿಗೆಯಲ್ಲಿ ಮೊಸರನ್ನ, ಹೆಚ್ಚಿದ ಕಲ್ಲಂಗಡಿ. ಗಾಜಿನ ಬಾಟಲಿ, ಉಪ್ಪಿನಕಾಯಿ ಜಾಡಿ ಬೇಡ. ಬಹಳಷ್ಟು ತೀರಗಳಲ್ಲಿ ಗಾಜಿಗೆ ನಿಷೇಧವಿದೆ. ನೀರಿಗಿಳಿಯುವ ಹೆಂಗಸರು ಸೀರೆಯ ಬದಲು ಹಗುರವಾದ, ಬೇಗ ಒಣಗುವ ಉಡುಪು ತೊಡಿ. ಮೈ ಮುಚ್ಚುವ ಈಜುಡುಪುಗಳು ಇಲ್ಲಿ ಧಾರಾಳವಾಗಿ ಸಿಗುತ್ತವೆ, ಯಾರೂ ತಿರುಗಿ ನೋಡುವುದಿಲ್ಲ.

ಅಮ್ಮ ಎರಡನೆಯ ಸಲ ಬಂದಾಗ ಅವರನ್ನು ಬೆಳಗಿನ ಜಾವ ಕೊಕೊ ಬೀಚ್‌ಗೆ ಕರೆದುಕೊಂಡು ಹೋದೆ. ಸೂರ್ಯ ಸಮುದ್ರದಿಂದ ಮೇಲೇಳುವುದನ್ನು ಅವರು ನೋಡಿದ್ದು ಅಂದೇ ಮೊದಲು. ಎಪ್ಪತ್ತು ವರ್ಷ ಕಡಲಿನಲ್ಲಿ ಮುಳುಗುವ ಸೂರ್ಯನನ್ನೇ ಕಂಡವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕಡಲಾಮೆಗಳ ವಿಷಯ ಕೇಳಿದರು. ಆ ತೀರದ ದಕ್ಷಿಣಕ್ಕೆ ಆಮೆಗಳಿಗೆಂದೇ ಕಾದಿರಿಸಿದ ಆರ್ಚಿ ಕಾರ್ ರಕ್ಷಿತ ವಲಯವಿದೆ. ಬೇಸಿಗೆಯ ರಾತ್ರಿಗಳಲ್ಲಿ ತಾಯಿಆಮೆಗಳು ಮರಳಿಗೆ ಬಂದು ಮೊಟ್ಟೆಯಿಡುತ್ತವೆ; ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬಂದು ನೀರಿನ ಕಡೆಗೆ ಹರಿಯುತ್ತವೆ. ನಾವು ತೋಡಿ ಬಿಟ್ಟ ಗುಂಡಿಗೆ ತಾಯಿಯೂ ಬೀಳಬಹುದು, ಮರಿಯೂ ಬೀಳಬಹುದು.

ಅದಕ್ಕೇ ನಮ್ಮ ಮನೆಯವರು ತೀರ ಬಿಡುವ ಮುನ್ನ ಒಂದು ಕೆಲಸ ಮಾಡುತ್ತೇವೆ. ಮಕ್ಕಳು ಇಡೀ ದಿನ ಕಟ್ಟಿದ ಮರಳಿನ ಕೋಟೆಯನ್ನು ತಾವೇ ತುಳಿದು ಸಮ ಮಾಡುತ್ತಾರೆ, ಗುಂಡಿಗಳನ್ನೆಲ್ಲ ಮುಚ್ಚುತ್ತಾರೆ. ಅಂದು ಅಮ್ಮನೂ ಸೆರಗು ಸಿಕ್ಕಿಸಿಕೊಂಡು, ಮೊಮ್ಮಗಳ ಜೊತೆಗೆ ಕೈಯಿಂದ ಮರಳು ಎಳೆದು ಕೊನೆಯ ಗುಂಡಿಯನ್ನು ಮುಚ್ಚಿದರು.

ನಮಸ್ಕಾರ.