ಎರಡನೇ ಮದುವೆಗೆ ಮಗುವೇ ಮುದ್ರೆಯಾ?

ನಮಸ್ಕಾರ. ಮಗು ಇರುವ ಹೆಣ್ಣು ಮತ್ತೆ ಮದುವೆಯಾದರೆ ನಮ್ಮ ಉಡುಪಿ, ಮಂಗಳೂರು ಕಡೆ ಈಗ ಯಾರೂ ಮೂಗು ಮುರಿಯುವುದಿಲ್ಲ ಅಂತ ಹೇಳುತ್ತೇವೆ, ಅಲ್ವಾ? ಆದರೆ ಮದುವೆ ಊಟ ಮುಗಿಯುವ ಮೊದಲೇ ಪ್ರಶ್ನೆ ಶುರು: "ಇನ್ನು ನಿಮ್ಮಿಬ್ಬರದ್ದು ಅಂತ ಒಂದು ಬೇಡ್ವಾ?"

ಉಡುಪಿಯ ಒಂದು ಹಾಲ್‌ನಲ್ಲಿ ನನ್ನೆದುರೇ ಈ ಪ್ರಶ್ನೆ ಬಂತು. ಮದುಮಗಳ ಪಕ್ಕದಲ್ಲೇ ಅವಳ ಪುಟ್ಟ ಮಗಳು ಜಡೆ ತುಂಬ ಮಲ್ಲಿಗೆ ಮುಡಿದು ಹೋಳಿಗೆ ಮುರಿಯುತ್ತಿದ್ದಳು. ಮಾತು ಕಿವಿಗೆ ಬಿದ್ದದ್ದೇ ಕೈ ನಿಂತಿತು. ಅಮ್ಮನ ಮುಖ ನೋಡಿದಳು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಹೊಸ ಜೋಡಿಗೆ ತಮ್ಮದೇ ಮಗು ಬೇಕು ಅನ್ನಿಸುವುದು ತಪ್ಪಲ್ಲ. ಸ್ವೀಡನ್, ಫ್ರಾನ್ಸ್‌ನಂಥ ದೇಶಗಳ ಅಧ್ಯಯನಗಳಲ್ಲೂ ಅದೇ ಕಂಡಿದೆ. ಮೊದಲಿನ ಸಂಬಂಧದ ಮಕ್ಕಳಿದ್ದರೂ ಹೊಸ ಜೋಡಿಗಳು ಇನ್ನೊಂದು ಹೆರುವುದು ಜಾಸ್ತಿ. ಚೀನಾದಲ್ಲಿ ಒಂದೇ ಮಗು ಎಂಬ ನಿಯಮ ಇದ್ದಾಗಲೂ ಹಲವು ಪ್ರಾಂತ್ಯಗಳು ಮರುಮದುವೆಯಾದವರಿಗೆ ವಿನಾಯಿತಿ ಕೊಟ್ಟಿದ್ದವು.

ಆಸೆ ಅವರದ್ದು. ಒತ್ತಾಯ ನಮ್ಮದು. ಅಲ್ಲೇ ನನ್ನ ತಕರಾರು.

ತುಳುನಾಡಿನ ಅಳಿಯಸಂತಾನವನ್ನೇ ನೋಡಿ, ವಂಶ, ಆಸ್ತಿ ಎರಡೂ ತಾಯಿಯ ಕಡೆಯಿಂದ ಸಾಗುತ್ತಿದ್ದ ಪದ್ಧತಿ ಅದು. ಬಂಟರು, ಬಿಲ್ಲವರಲ್ಲಿ ವಿಧವೆಗೆ ಮರುಮದುವೆ ಇತ್ತು, ಅದಕ್ಕೆ ಬುಡುದಾರೆ ಅಂತ ಹೆಸರೂ ಇತ್ತು. ಮಕ್ಕಳು ತಾಯಿಯ ಕುಟುಂಬದವರು. ಅಮ್ಮನಿಗೆ ಹೊಸ ಗಂಡ ಬಂದರೂ ಮಗುವಿನ ಮನೆ, ಬಳಿ (ತಾಯಿಯಿಂದ ಬರುವ ಗೋತ್ರ), ಆಸ್ತಿಯ ಹಕ್ಕು ಯಾವುದೂ ಅಲುಗುತ್ತಿರಲಿಲ್ಲ. ಆ ಪದ್ಧತಿಯಲ್ಲಿ ಎಲ್ಲವೂ ಚೆನ್ನಾಗಿತ್ತು ಅನ್ನುತ್ತಿಲ್ಲ. ಆದರೆ ಮಗುವಿಗೆ ಕಾಲೂರಲು ಒಂದು ನೆಲ ಇತ್ತು.

ಈಗ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಮಲತಂದೆ ವಿಲ್ ಬರೆಯದೆ ತೀರಿಕೊಂಡರೆ, ದತ್ತು ತೆಗೆದುಕೊಳ್ಳದ ಮಲಮಗಳಿಗೆ ಮಗಳ ಪಾಲು ಇಲ್ಲ. ಆಮೇಲೆ ಹುಟ್ಟಿದ ತಮ್ಮನಿಗೆ ಇದೆ. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು! ಹೊಸ ಮಗುವಿಗಾಗಿ ಅವಸರ ಮಾಡುವವರು ಇದನ್ನು ಯೋಚಿಸಿದ್ದಾರಾ?

ಮಲತಂದೆ ಕಾನೂನು ಪ್ರಕಾರ ದತ್ತು ಪಡೆಯಬಹುದು. ಹೆತ್ತ ತಂದೆ ಬದುಕಿದ್ದರೆ ಅವನ ಒಪ್ಪಿಗೆ ಬೇಕಾಗುತ್ತದೆ, ಅದು ಸುಮ್ನೆ ಸಿಗುವಂಥದ್ದಲ್ಲ. ತನ್ನ ಸ್ವಂತ ಗಳಿಕೆಗೆ ವಿಲ್ ಬರೆಯಲು ಯಾರ ಒಪ್ಪಿಗೆಯೂ ಬೇಡ. ಹಾಗಾಗಿ ಕೇಳಲೇಬೇಕು ಅನ್ನಿಸಿದರೆ ಮದುಮಗಳನ್ನು ಬಿಡಿ. ಅವಳ ಗಂಡನನ್ನು ಪಕ್ಕಕ್ಕೆ ಕರೆದು ಕೇಳಿ: "ಮಗಳ ಹೆಸರಿಗೆ ಏನಾದರೂ ಬರೆದಿದ್ದೀಯಾ?"